ಅಟ್ಟ ಖಾಲಿ ಮಾಡಿದವರ ಅನುಭವ ಬೇಕಾಗಿದೆ

ಪ್ರಶ್ನೆ: ಮುಂದಿನ ತಿಂಗಳು ನಾವು ಹಿರಿಯರ ಕಾಲದ ಮನೆಯನ್ನು ಬಿಟ್ಟು ಎರಡು ಕೋಣೆಗಳ ಫ್ಲಾಟಿಗೆ ಹೋಗಲಿದ್ದೇವೆ. ಅಟ್ಟದ ತುಂಬ ಅತ್ತೆಯವರ ಪಾತ್ರೆ, ಸೀರೆ ಹಾಗೂ 30 ವರ್ಷಗಳ ಕಾಗದಪತ್ರಗಳಿವೆ. ಎಲ್ಲಿಂದ ಆರಂಭಿಸಬೇಕೆಂದು ಬಲ್ಲವರು ದಯವಿಟ್ಟು ತಿಳಿಸಿ.

ಧಾರವಾಡದಿಂದ: ನಾನು ಈ ಕೆಲಸವನ್ನು ತಪ್ಪು ತುದಿಯಿಂದ ಹಿಡಿದವನು. ಮೊದಲ ದಿನವೇ ಅವ್ವನ ಟ್ರಂಕು ತೆರೆದು ಕುಳಿತದ್ದರಿಂದ, ಸಂಜೆಯವರೆಗೆ ಒಂದೊಂದು ಸೀರೆಯ ಕಥೆ ಕೇಳಿದ್ದಾಯಿತೇ ಹೊರತು ಒಂದು ಎಳೆಯೂ ಮನೆಯಿಂದ ಹೊರಬೀಳಲಿಲ್ಲ. ಆದ್ದರಿಂದ ಯಾರಿಗೂ ನಂಟಿಲ್ಲದ ವಸ್ತುಗಳನ್ನು, ಅಂದರೆ ಮಿಕ್ಸಿಯ ಖಾಲಿ ರಟ್ಟಿನ ಡಬ್ಬ, ಪಾತ್ರೆಯಿಲ್ಲದ ಮುಚ್ಚಳ, ಹುರಿ ಸುತ್ತಿಟ್ಟ ಪ್ಲಾಸ್ಟಿಕ್ ಚೀಲ ಮುಂತಾದವನ್ನು ಮೊದಲು ತೆಗೆಯಿರಿ. ನಮ್ಮ ಅಟ್ಟದ ಅರ್ಧ ಇವೇ ಆಗಿದ್ದವು. ಬಳಿಕ ನಿಮ್ಮ ಸ್ವಂತದವು. ಅತ್ತೆಯವರದನ್ನು ಮಾತ್ರ ಅವರೇ ಆರಿಸಲಿ. ಅವ್ವ ಊರಿಗೆ ಹೋಗಿದ್ದಾಗ ನಾನು ತಾಮ್ರದ ಹಂಡೆಯೊಂದನ್ನು ತೂಕಕ್ಕೆ ಹಾಕಿಬಿಟ್ಟೆ. ಅದು ಅವಳ ತವರಿನಿಂದ ಬಂದದ್ದೆಂದು ಆಮೇಲೆ ತಿಳಿದು ಹುಡುಕಿಕೊಂಡು ಹೋದರೆ ಹಂಡೆ ಇರಲಿಲ್ಲ. ಅವ್ವ ಏನೂ ಅನ್ನಲಿಲ್ಲ, ಆದರೆ ಅಂದಿನಿಂದ ಟ್ರಂಕಿನ ಬೀಗದ ಕೈ ಅವಳ ಸೊಂಟವನ್ನು ಬಿಟ್ಟು ಕದಲಲಿಲ್ಲ.

ಆ ಬೀಗ ತೆರೆಸಿದ್ದು ಕೌದಿ. ಹಳೆಯ ಹತ್ತಿ ಸೀರೆಗಳನ್ನು ಕೊಟ್ಟುಬಿಡುವ ಮಾತನ್ನೇ ಬಿಟ್ಟು, ಅವನ್ನು ಪದರ ಪದರವಾಗಿ ಹಾಸಿ ಮೊಮ್ಮಕ್ಕಳಿಗೆ ಕೌದಿ ಹೊಲಿಸೋಣವೆಂದಾಗ ಅವ್ವನೇ ಕುಳಿತು 18 ಸೀರೆಗಳನ್ನು ತೆಗೆದುಕೊಟ್ಟಳು. ಮೂರು ಕೌದಿಗಳಾದವು. ಅವೂ ಜಾಗ ಹಿಡಿಯುತ್ತವೆ ನಿಜ, ಆದರೆ ದಿನವೂ ಹೊದೆಯುತ್ತೇವೆ.

ಮೈಸೂರಿನಿಂದ: ಮೇಲಿನ ಮಾತಿಗೆ ನನ್ನ ಸಹಮತವಿದೆ. ರೇಷ್ಮೆ ಸೀರೆಗಳ ವಿಷಯದಲ್ಲಿ ಒಂದು ಎಚ್ಚರಿಕೆ: ಅಸಲಿ ಜರಿಯೆಂದರೆ ಚಿನ್ನದ ಲೇಪವುಳ್ಳ ಬೆಳ್ಳಿಯ ತಂತಿಯಾದ್ದರಿಂದ, ಸೀರೆ ಹರಿದಿದ್ದರೂ ಅದಕ್ಕೆ ಬೆಲೆಯಿದೆ. ಬಾಗಿಲಿಗೆ ಬಂದವರು ಹೇಳಿದ ದರಕ್ಕೆ ಒಪ್ಪದೆ ಎರಡು ಅಂಗಡಿಗಳಲ್ಲಿ ತೋರಿಸಿ. ಹಳೆಯ ಡಬ್ಬಿ ಟಿವಿ ಇದ್ದರೆ, ಅದರ ಗಾಜಿನಲ್ಲಿ ಸೀಸವಿರುವುದರಿಂದ, ಒಡೆದು ಮಾರುವವರಿಗೆ ಕೊಡದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೇ ಒಪ್ಪಿಸಿ.

ಕಾಗದಗಳಲ್ಲಿ ಕ್ರಯಪತ್ರ, ವಿಮಾ ಪತ್ರಗಳ ಮೂಲಪ್ರತಿಗಳನ್ನು ಸ್ಕ್ಯಾನ್ ಮಾಡಿಸಿದ ಮೇಲೂ ಇಟ್ಟುಕೊಳ್ಳಿ. ಬ್ಯಾಂಕ್ ಖಾತೆಯ ಸಂಖ್ಯೆಯಿರುವ ಹಾಳೆಗಳನ್ನು ಚೂರು ಮಾಡಿಯೇ ರದ್ದಿಗೆ ಹಾಕಿ. ಪುಸ್ತಕಗಳನ್ನೂ ಒಮ್ಮೆ ಕೊಡವಿ ನೋಡಿ. ನಮ್ಮ ಮಾವನವರ ಹಳೆಯ ಪಂಚಾಂಗದೊಳಗಿಂದ 1000 ರೂಪಾಯಿಯ ಎರಡು ನೋಟುಗಳು ಬಿದ್ದವು, 2016ರ ನವೆಂಬರಿನಲ್ಲೇ ರದ್ದಾದಂಥವು.