ಹೆರಿಗೆಗೆ ಮೊದಲು ರಾಜೀನಾಮೆಯೋ, ರಜೆಯೋ? ತಿಳಿದವರು ಹೇಳಿ

ಪ್ರಶ್ನೆ (ಶಿರಸಿ): ಬಿ.ಕಾಂ. ಆಗಿದೆ. ಇಪ್ಪತ್ತು ಜನರಿರುವ ಖಾಸಗಿ ಆಫೀಸಿನಲ್ಲಿ ಲೆಕ್ಕಪತ್ರದ ಕೆಲಸ. ಈಗ ಮೂರು ತಿಂಗಳು, ಮೊದಲ ಮಗು. ಮನೆಯಲ್ಲಿ "ಬಿಟ್ಟುಬಿಡು, ಆಮೇಲೆ ಹುಡುಕಿದರಾಯ್ತು" ಅಂತಾರೆ. ಏನು ಮಾಡಲಿ?

ಕುಮಟಾದಿಂದ: ತಂಗಿ, ರಾಜೀನಾಮೆ ಮಾತ್ರ ಬರೆದುಕೊಡಬೇಡ. ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ ಇದೆ. ಹೆರಿಗೆಯ ನಿರೀಕ್ಷಿತ ತಾರೀಕಿಗೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಾಕು. ಮೊದಲು ಸಂಬಳದ ಚೀಟಿ ನೋಡು. ಇ.ಎಸ್‌.ಐ. (ನೌಕರರ ಸರ್ಕಾರಿ ವಿಮೆ) ಕಡಿತ ಇದ್ದರೆ ಹಣ ಅಲ್ಲಿಂದಲೇ ಬರುತ್ತದೆ, ಮಾಲೀಕರ ಕೈಯಿಂದಲ್ಲ. ಇದನ್ನು ತಿಳಿಸಿದರೆ ಅವರ ಅರ್ಧ ಹಿಂಜರಿಕೆ ಹೋಗುತ್ತದೆ. ಬಾಯಿಮಾತು ಬೇಡ. ರಜೆ ಶುರುವಾಗುವ ತಾರೀಕು ಬರೆದು, ವೈದ್ಯರ ಪ್ರಮಾಣಪತ್ರ ಲಗತ್ತಿಸಿ, ನಿನ್ನ ಪ್ರತಿಯ ಮೇಲೆ ಸ್ವೀಕೃತಿ ಸಹಿ ಹಾಕಿಸಿಕೋ.

ಸಿದ್ದಾಪುರದಿಂದ: ಹೆಚ್ಚಿನವರು ಸಿಕ್ಕಿಹಾಕಿಕೊಳ್ಳುವುದು ತಾರೀಕಿನ ಲೆಕ್ಕದಲ್ಲಿ. ಹೆರಿಗೆಗೆ ಮುಂಚೆ ಈ ರಜೆ 8 ವಾರಕ್ಕಿಂತ ಹೆಚ್ಚು ಸಿಗುವುದಿಲ್ಲ, ಅಂದರೆ 32ನೇ ವಾರದಿಂದ ಮಾತ್ರ. ಏಳನೇ ತಿಂಗಳಿಗೇ ತವರಿಗೆ ಹೊರಟರೆ ನಡುವಿನ ವಾರಗಳಿಗೆ ಬೇರೆ ರಜೆ ಮಂಜೂರಾಗಿರಬೇಕು, ಇಲ್ಲದಿದ್ದರೆ ಗೈರುಹಾಜರಿ ಬೀಳುತ್ತದೆ. 8 ವಾರ ಮೊದಲೇ ಖರ್ಚಾದರೆ ನಂತರಕ್ಕೆ ಉಳಿಯುವುದು 18. ಮಗುವಿಗೆ ನಾಲ್ಕು ತಿಂಗಳು ದಾಟಿರುತ್ತದಷ್ಟೆ. ವೈದ್ಯರು ಒಪ್ಪಿ 2 ವಾರ ಮುಂಚೆ ಹೊರಟರೆ 24 ವಾರ ಉಳಿಯುತ್ತದೆ, ಬರೀ ಎದೆಹಾಲು ಕುಡಿಯುವ ಆರು ತಿಂಗಳು ಬಹುತೇಕ ಮುಗಿಯುತ್ತದೆ. ಮರಳಿದ ಮೇಲೂ ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲೂಡಿಸಲು ಬಿಡುವು ಉಂಟು.

ಕಾರವಾರದಿಂದ: ಆಮೇಲೆ ಹುಡುಕುವುದು ಓದಿದ ಹೆಣ್ಣುಮಕ್ಕಳಿಗೇ ಹೆಚ್ಚು ಕಷ್ಟ. ಓದದವರು ಅಡಿಕೆ ಸುಲಿಯಲು, ಮೀನು ಮಾರಲು ಹೋಗಿಯೇ ಹೋಗುತ್ತಾರೆ, ಹೊಟ್ಟೆಪಾಡು. ಓದಿದವರನ್ನು ಅಲ್ಲಿಗೆ ಮನೆಯವರು ಕಳಿಸುವುದಿಲ್ಲ, ಕಳಿಸಲು ಒಪ್ಪುವಂಥ ಕೆಲಸ ಊರಲ್ಲಿ ಸಿಗುವುದಿಲ್ಲ. ದೇಶದಲ್ಲಿ 15 ವರ್ಷ ಮೇಲ್ಪಟ್ಟ ಮಹಿಳೆಯರಲ್ಲಿ ದುಡಿಯುವವರ, ಕೆಲಸ ಹುಡುಕುವವರ ಪಾಲು 2017-18ರಲ್ಲಿ ಶೇ. 23.3 ಇದ್ದದ್ದು 2023-24ಕ್ಕೆ ಶೇ. 41.7 ಆಗಿದೆ ನಿಜ. ಆದರೆ ಆ ಏರಿಕೆಯ ದೊಡ್ಡ ಪಾಲು ಹಳ್ಳಿಯ ಸ್ವಂತ ದುಡಿಮೆ ಮತ್ತು ಮನೆಯ ಕಸುಬಿಗೆ ಸಂಬಳವಿಲ್ಲದ ನೆರವು. ಕೈಲಿರುವ ಸಂಬಳದ ಕೆಲಸ ಬಿಡುವ ಮುಂಚೆ ಮನೆಯವರಿಗೆ ಇದನ್ನು ಹೇಳಿ.

ಅಂಕೋಲಾದಿಂದ: ಕೆಲಸ ಬಿಡಿಸುವುದು ರಜೆ ಮುಗಿದ ನಂತರದ ಎರಡೂವರೆ ವರ್ಷ. ಅಂಗನವಾಡಿಯಲ್ಲಿ ಕೂರಿಸಲು 3 ವರ್ಷ ತುಂಬಬೇಕು. ಕಾನೂನು ಹೇಳುವ ಶಿಶುಪಾಲನಾ ಕೇಂದ್ರ 50 ಜನರಿರುವ ಕಡೆ ಮಾತ್ರ, ನಿಮ್ಮ ಆಫೀಸಿಗೆ ಅನ್ವಯಿಸದು. ಹಳ್ಳಿಯಲ್ಲಿದ್ದರೆ ಪಂಚಾಯಿತಿಯಲ್ಲಿ 'ಕೂಸಿನ ಮನೆ' ಎಂಬ ಶಿಶುಪಾಲನಾ ಕೇಂದ್ರ ಇದೆಯೇ ವಿಚಾರಿಸಿ. ಅದು ಮುಖ್ಯವಾಗಿ ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರಿಗೆಂದು ಶುರುವಾದದ್ದು. ಅಜ್ಜಿಯೋ ಆಯಾಳೋ ಎಂದು ಈಗಲೇ ತೀರ್ಮಾನಿಸಿ, ಜೊತೆಗೆ ಇನ್ನೊಬ್ಬರನ್ನೂ ಗೊತ್ತು ಮಾಡಿಡಿ. ಅಜ್ಜಿ ಘಟ್ಟದ ಕೆಳಗಿನವರಾದರೆ ಮಳೆಗಾಲದಲ್ಲಿ ದೇವಿಮನೆ ಘಟ್ಟದ ರಸ್ತೆ ಬಂದ್ ಆದಾಗ ಬೆಳಿಗ್ಗೆ ಬಂದು ಸಂಜೆ ಹೋಗುವ ಏರ್ಪಾಡು ನಡೆಯುವುದಿಲ್ಲ, ಜೂನ್‌ನಿಂದ ನಿಮ್ಮಲ್ಲೇ ಇರಿಸಿಕೊಳ್ಳಿ.