ಅಪ್‌ಡೇಟ್: ತಂಗಿಯ ದವಡೆಗೆ ಮೊದಲು ಕ್ಲಿಪ್ಪೇ, ಆಮೇಲೆ ಆಪರೇಷನ್

ನನ್ನ ತಂಗಿಗೆ ಕೆಳದವಡೆ ಮುಂದೆ ಬಂದಿದೆ. ಮೊದಲು ಹಲ್ಲಿಗೆ ಕ್ಲಿಪ್ ಹಾಕಿಸಬೇಕಾ, ನೇರ ಆಪರೇಷನ್ ಮಾಡಿಸಬೇಕಾ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಕ್ಲಿಪ್ಪೇ ಮೊದಲು ಎಂದು ತೀರ್ಮಾನವಾಯಿತು. ಕಾರಣ ಕೇಳಿದ ಮೇಲೆ ನನಗೂ ಸರಿ ಅನ್ನಿಸಿತು. ದವಡೆಗಳು ಹೊಂದದಿದ್ದಾಗ ಹಲ್ಲುಗಳು ತಾವೇ ವಾಲಿ ಅದನ್ನು ಸರಿದೂಗಿಸುತ್ತವೆ. ಅವಳ ಕೆಳಗಿನ ಮುಂಭಾಗದ ಹಲ್ಲುಗಳು ಒಳಕ್ಕೆ ವಾಲಿವೆ, ಮೇಲಿನವು ಹೊರಕ್ಕೆ. ಹಾಗೇ ಆಪರೇಷನ್ ಮಾಡಿದರೆ ದವಡೆಯನ್ನು ಬೇಕಾದಷ್ಟು ಸರಿಸಲು ಆ ಹಲ್ಲುಗಳೇ ಅಡ್ಡ ಬರುತ್ತವೆ. ಅದಕ್ಕೇ ಮೊದಲು ಅವನ್ನು ನೆಟ್ಟಗೆ ಮಾಡಬೇಕು. ಆದರೆ ನೆಟ್ಟಗಾಗುತ್ತಾ ಹೋದಂತೆ ಕೆಳದವಡೆ ಇನ್ನೂ ಜಾಸ್ತಿ ಮುಂದಿರುವಂತೆ ಕಾಣುತ್ತದೆ. ಒಂದು, ಒಂದೂವರೆ ವರ್ಷ ಅವಳು ಆ ಮುಖವನ್ನೇ ಕನ್ನಡಿಯಲ್ಲಿ ನೋಡಬೇಕು. ಮೊದಲು ತೋರಿಸಿದ ಕಡೆ ಇದನ್ನು ಯಾರೂ ಹೇಳಿರಲಿಲ್ಲ. ಮೊದಲೇ ಹೇಳಬೇಕಾದ ಮಾತು ಅಲ್ವಾ?

ಕೆಳಗಿನ ಎರಡೂ ಬುದ್ಧಿಹಲ್ಲುಗಳನ್ನು ಈಗಲೇ ಕೀಳಿಸುತ್ತಿದ್ದೇವೆ. ಕೆಳದವಡೆಯನ್ನು ಸೀಳುವುದು ಅದೇ ಜಾಗದಲ್ಲಿ. ಮೂಳೆ ತುಂಬಿಕೊಳ್ಳಲು 6 ತಿಂಗಳಾದರೂ ಬೇಕಂತೆ.

ಆಪರೇಷನ್ ದಿನ ಮೊದಲು ಮೇಲ್ದವಡೆ. ಅದನ್ನು ಮುಂದೆ ತಂದು ಪ್ಲೇಟ್, ಸ್ಕ್ರೂ ಹಾಕಿ ಕೂರಿಸುತ್ತಾರೆ. ಆಗ ಕೆಳದವಡೆ ಹಳೇ ಜಾಗದಲ್ಲೇ ಇರುತ್ತದೆ. ಅದಕ್ಕೆ ಆ ನಡುವಿನ ಹಂತಕ್ಕೆಂದೇ ಒಂದು ಸ್ಪ್ಲಿಂಟ್ (ಮೇಲಿನ, ಕೆಳಗಿನ ಹಲ್ಲುಗಳ ನಡುವೆ ಕೂರಿಸಿ ದವಡೆಯನ್ನು ಸರಿಯಾದ ಜಾಗಕ್ಕೆ ಹೊಂದಿಸುವ ಅಚ್ಚು) ಮಾಡಿಟ್ಟಿರುತ್ತಾರೆ. ಆಮೇಲೆ ಕೆಳದವಡೆಯನ್ನು ಹಿಂದಕ್ಕೆ ತಂದು ಇನ್ನೊಂದು ಸ್ಪ್ಲಿಂಟ್‌ಗೆ ಹೊಂದಿಸುತ್ತಾರೆ. ಕೆಲವರಿಗೆ ಕೆಳದವಡೆಯನ್ನೇ ಮೊದಲು ಮಾಡುತ್ತಾರೆ, ಇವಳಿಗೆ ಅದು ಬೇಡ ಎಂದರು.

ಆಪರೇಷನ್ ಆದ ಮೇಲೂ ಕೆಲವು ತಿಂಗಳು ಕ್ಲಿಪ್ ಇರುತ್ತದೆ. ಅವಳು ಒಪ್ಪಿದ್ದಾಳೆ. ಸೋಮವಾರ ಬುದ್ಧಿಹಲ್ಲು ಕೀಳಿಸಲು ಜೊತೆಗೆ ನಾನೂ ಹೋಗುತ್ತಿದ್ದೇನೆ.