ಅಜ್ಜನ ಮನೆಯ ಬೀಟೆ ಅಲಮಾರು ಮೂರನೇ ಮಹಡಿಗೆ ಹೋಗಲ್ಲ, ಕತ್ತರಿಸಬೇಕಾ?

ಕೊಪ್ಪದ_ಮಗಳು:

ಎಲ್ಲರಿಗೂ ನಮಸ್ಕಾರ. ಬೇಗ ಒಂದು ಸಲಹೆ ಬೇಕು.

ಕೊಪ್ಪದ ಹತ್ತಿರ ನಮ್ಮ ಅಜ್ಜನ ಮನೆ. ಪಾಲಿನಲ್ಲಿ ಮನೆ ಚಿಕ್ಕಪ್ಪನಿಗೆ ಹೋಯಿತು, ಅವರು ಮುಂದಿನ ತಿಂಗಳು ಅದನ್ನು ಕೆಡವಿ ಆರ್‌ಸಿಸಿ ಮನೆ ಕಟ್ಟಿಸ್ತಾರೆ. ಒಳಕೋಣೆಯ ಬೀಟೆ ಅಲಮಾರು ಮತ್ತು ಜಗುಲಿಯಲ್ಲಿದ್ದ ಬೆತ್ತದ ಆರಾಮ ಕುರ್ಚಿ ನನಗೆ ಅಂತ ಅಜ್ಜಿ ಇರುವಾಗಲೇ ಹೇಳಿದ್ದರು. ಯಾರೂ ತಕರಾರು ಮಾಡಿಲ್ಲ. ಕಷ್ಟ ಬಂದಿರೋದು ಸಾಗಿಸೋದರಲ್ಲಿ.

ಅಲಮಾರು 7 ಅಡಿ ಎತ್ತರ, 5 ಅಡಿ ಅಗಲ, ಹೆಚ್ಚುಕಡಿಮೆ 2 ಅಡಿ ಆಳ. ಆರು ಜನ ಸೇರಿದರೂ ಅಲ್ಲಾಡಿಸೋಕೆ ಕಷ್ಟ. ಬೆಂಗಳೂರಿನಲ್ಲಿ ನಮ್ಮದು ಮೂರನೇ ಮಹಡಿ. ಲಿಫ್ಟಿನ ಮಾತೇ ಇಲ್ಲ, ಮೆಟ್ಟಿಲಿನ ತಿರುವಿನಲ್ಲೂ ಇದು ತಿರುಗಲ್ಲ, ಟೇಪು ಹಿಡಿದು ಅಳೆದು ನೋಡಿದ್ದೇನೆ. ಊರಿನ ಬಡಗಿಯೊಬ್ಬರು "ನಡುವೆ ಗರಗಸ ಹಾಕಿ ಎರಡು ಮಾಡಿ ಕೊಡ್ತೀನಿ, ಅಲ್ಲಿ ಹೋಗಿ ಪಟ್ಟಿ ಹೊಡೆದು ಸೇರಿಸಿಕೊಳ್ಳಿ" ಅಂದರು. ಹಳೆ ಸಾಮಾನು ಕೊಳ್ಳೋ ಒಬ್ಬರು ಬಂದು "ಇದನ್ನು ಕೊಡಿ, ಹೊಸ ತೇಗದ ವಾರ್ಡ್‌ರೋಬ್ ಕೊಡ್ತೀವಿ" ಅಂದರು. ಇನ್ನೊಬ್ಬರು ಪೂರ್ತಿ ಉಜ್ಜಿ ಪಿಯು ಪಾಲಿಶ್ ಹೊಡೆದರೆ ಹೊಸದರ ಹಾಗೆ ಆಗುತ್ತೆ ಅಂತಾರೆ.

ಮನೆಯವರೆಲ್ಲ ಇದು 150 ವರ್ಷದ್ದು ಅಂತಾರೆ. ನಿಜವಾ ಅಂತ ತಿಳಿಯೋದು ಹೇಗೆ? ಕತ್ತರಿಸದೆ ಬೇರೆ ದಾರಿ ಇದೆಯಾ? ಚಿಕ್ಕವಳಿದ್ದಾಗ ಇದರ ಕೆಳಗಿನ ಖಾನೆಯಲ್ಲಿ ಅಡಗಿ ಕೂತವಳು ನಾನು, ಅದಕ್ಕೆ ಗರಗಸ ಅಂದ ಕೂಡಲೇ ಹೊಟ್ಟೆ ಕಿವುಚಿದ ಹಾಗಾಯ್ತು.

ಉಳಿ_ಬಾಚಿ:

ಅಕ್ಕಾ, ಕತ್ತರಿಸಬೇಡಿ. ಮೊದಲು ಈ ಒಂದು ಮಾತು ಕೇಳಿ, ಉಳಿದದ್ದು ಆಮೇಲೆ.

ನಮ್ಮದು ಉಡುಪಿ ಕಡೆ, ಮೂರು ತಲೆಮಾರಿನಿಂದ ಮರಗೆಲಸ. ಆ ಕಾಲದಲ್ಲಿ ಇಷ್ಟು ದೊಡ್ಡ ಅಲಮಾರನ್ನು ಹೆಚ್ಚಾಗಿ ಬಿಚ್ಚೋ ಹಾಗೇ ಮಾಡ್ತಿದ್ದರು. ಯೋಚನೆ ಮಾಡಿ, ಅಜ್ಜನ ಮನೆಯ ಒಳಕೋಣೆ ಬಾಗಿಲು ಎಷ್ಟು ಎತ್ತರ ಇತ್ತು? ತಲೆ ಬಗ್ಗಿಸಿ ಹೋಗೋ ಬಾಗಿಲು ತಾನೇ? ಆ ಬಾಗಿಲಲ್ಲಿ 7 ಅಡಿಯ ಅಲಮಾರು ಇಡಿಯಾಗಿ ಒಳಗೆ ಹೋಗಿರೋಕೆ ಸಾಧ್ಯವಾ? ಒಂದೋ ಒಳಗೇ ಕೂತು ಜೋಡಿಸಿದ್ದಾರೆ, ಇಲ್ಲ ಬೇರೆ ಕಡೆ ಮಾಡಿ ಬಿಚ್ಚಿ ತಂದಿದ್ದಾರೆ. ಎರಡರಲ್ಲಿ ಯಾವುದಾದರೂ ಬಿಚ್ಚೋಕೆ ದಾರಿ ಇದ್ದೇ ಇರುತ್ತೆ.

ಹೀಗೆ ಮಾಡಿ. ಒಳಗಿನ ಹಲಗೆ, ಡ್ರಾಯರ್ ಎಲ್ಲ ತೆಗೀರಿ. ತಲೆ ಮೇಲೆ ಕಿರೀಟದ ಹಾಗಿರೋ ಪಟ್ಟಿಯನ್ನು ಎರಡೂ ಕಡೆ ಇಬ್ಬರು ಹಿಡಿದು ಮೆಲ್ಲಗೆ ಮೇಲಕ್ಕೆ ಎತ್ತಿ ನೋಡಿ. ತುಂಬಾ ಸಲ ಅದು ಬರೀ ಕೂತಿರುತ್ತೆ, ಕೆಳಗೆ ಮರದ ಗೂಟ ಮಾತ್ರ. ಆಮೇಲೆ ಟಾರ್ಚ್ ಹಿಡಿದು ಒಳಗಿನ ನಾಲ್ಕೂ ಮೂಲೆ ನೋಡಿ. ಬೆರಳುದ್ದದ ಮರದ ಬೆಣೆ ಕಾಣಬಹುದು, ಒಂದು ತುದಿ ದಪ್ಪ, ಇನ್ನೊಂದು ತುದಿ ಸಣ್ಣ. ಸಣ್ಣ ತುದಿಯ ಕಡೆಯಿಂದ ಕೊಡತಿಯಲ್ಲಿ ಮೆಲ್ಲಗೆ ತಟ್ಟಿದರೆ ಅದು ಹೊರಗೆ ಬರುತ್ತೆ. ಸುತ್ತಿಗೆ ಬೇಡ, ಕೊಡತಿ ಇಲ್ಲದಿದ್ದರೆ ನಡುವೆ ಮರದ ತುಂಡು ಇಟ್ಟು ಹೊಡೀರಿ.

ಇನ್ನೊಂದು ಗುರುತು. ಕೂಡೋ ಜಾಗದಲ್ಲಿ ಉಳಿಯಿಂದ ಗೀಚಿದ ಗೆರೆಗಳು ಇರಬಹುದು. ಒಂದು ಗೆರೆ ಇರೋ ಕಂಬಕ್ಕೆ ಒಂದು ಗೆರೆ ಇರೋ ಅಡ್ಡಪಟ್ಟಿ, ಎರಡಕ್ಕೆ ಎರಡು. ಕೈಯಲ್ಲಿ ಕೆತ್ತಿದ ಕೂಡುಗಳು ಒಂದಕ್ಕೊಂದು ಅದಲುಬದಲಾಗಲ್ಲ, ಅದಕ್ಕೆ ಮಾಡಿದವರು ಗುರುತು ಹಾಕಿ ಇಡ್ತಿದ್ದರು. ನಮ್ಮ ಅಜ್ಜ ಹಾಗೆ ಹಾಕ್ತಿದ್ದನ್ನು ನಾನೇ ನೋಡಿದ್ದೇನೆ. ಆ ಗೆರೆ ಕಂಡರೆ ಅಲಮಾರು ಬಿಚ್ಚಿ ಜೋಡಿಸೋಕೇ ಮಾಡಿದ್ದು ಅಂತ ಮುಕ್ಕಾಲು ಪಾಲು ನಂಬಬಹುದು.

ತೇಗದ ವಾರ್ಡ್‌ರೋಬ್‌ಗೆ ಬದಲು ಕೊಡೋ ಮಾತು ಬಿಟ್ಟುಬಿಡಿ. ಬೀಟೆ ಒಂದು ಘನ ಮೀಟರಿಗೆ ಸುಮಾರು 850 ಕೆ.ಜಿ. ತೂಗುತ್ತೆ, ತೇಗ ಸುಮಾರು 650. ಆರು ಜನಕ್ಕೂ ಅಲ್ಲಾಡದಿರೋದು ಅದಕ್ಕೇ. ಅಷ್ಟು ಅಗಲದ ಬೀಟೆ ಹಲಗೆ ಈಗ ಸುಲಭಕ್ಕೆ ಕಣ್ಣಿಗೆ ಬೀಳಲ್ಲ.

ಹಳೆಮರ_ರಿಪೇರಿ:

ಮೇಲಿನ ಅಣ್ಣ ಹೇಳಿದ್ದು ಸರಿ. ನಾನು ಮೈಸೂರಿನಲ್ಲಿ ಹಳೆ ಪೀಠೋಪಕರಣ ರಿಪೇರಿ ಮಾಡ್ತೇನೆ. ವಯಸ್ಸು ಮತ್ತು ಪಾಲಿಶ್, ಎರಡರ ಬಗ್ಗೆ ಹೇಳ್ತೀನಿ.

ವಯಸ್ಸು ತಿಳಿಯೋಕೆ ಮುಂಭಾಗ ನೋಡಬೇಡಿ. ಹಿಂಭಾಗ, ತಳ, ಡ್ರಾಯರಿನ ಅಡಿ ನೋಡಿ. ಮುಂದೆ ಇರೋದನ್ನು ಎಲ್ಲರೂ ಚೆಂದ ಮಾಡ್ತಾರೆ, ಹಿಂದೆ ಹೇಗಿತ್ತೋ ಹಾಗೇ ಬಿಟ್ಟಿರ್ತಾರೆ. ಹಿಂದಿನ ಹಲಗೆಯ ಮೇಲೆ ಗರಗಸದ ಗೆರೆ ನೇರವಾಗಿ, ಸ್ವಲ್ಪ ಏರುಪೇರಾಗಿ ಇದ್ದರೆ ಗುಂಡಿ ತೋಡಿ ಒಬ್ಬ ಮೇಲೆ ಒಬ್ಬ ಕೆಳಗೆ ನಿಂತು ಕೈಯಲ್ಲಿ ಕೊಯ್ದದ್ದು ಇರಬಹುದು. ಗೆರೆ ಬಿಲ್ಲಿನ ಹಾಗೆ ಬಾಗಿದ್ದರೆ ಅದು ಯಂತ್ರದ ದುಂಡು ಗರಗಸ. ಒಂದು ಎಚ್ಚರ, ಕೈಗರಗಸ ನಮ್ಮ ಕಡೆ ತುಂಬಾ ವರ್ಷ ಬಳಕೆಯಲ್ಲಿತ್ತು. ಹಾಗಾಗಿ ನೇರ ಗೆರೆ ಇದ್ದ ಮಾತ್ರಕ್ಕೆ ತುಂಬಾ ಹಳೇದು ಅನ್ನೋಕೆ ಬರಲ್ಲ.

ಸ್ಕ್ರೂ ಇನ್ನೂ ಚೆನ್ನಾಗಿ ಸಾಕ್ಷಿ ಹೇಳುತ್ತೆ. ಒಂದನ್ನು ಬಿಚ್ಚಿ ನೋಡಿ. ತುದಿ ಮೊಂಡಾಗಿದ್ದು, ತಲೆಯ ಸೀಳು ನಡುವಿಗೆ ಸರಿಯಾಗಿ ಇಲ್ಲದಿದ್ದರೆ 1850ಕ್ಕೂ ಹಿಂದಿನ ಕೈಕೆಲಸ ಇರಬಹುದು. ಚೂಪು ತುದಿಯ ಸ್ಕ್ರೂ ಯಂತ್ರದಲ್ಲಿ ಬಂದದ್ದು ಸುಮಾರು ಆ ಹೊತ್ತಿಗೆ. ಪ್ಲಸ್ ತಲೆಯ ಸ್ಕ್ರೂ ಬಂದದ್ದು 1930ರ ದಶಕದಲ್ಲಿ. ಅದಿದ್ದರೆ ಒಂದೋ ಅಲಮಾರು ಅದಕ್ಕಿಂತ ಈಚೆಯದು, ಇಲ್ಲ ಆಮೇಲೆ ಯಾರೋ ರಿಪೇರಿ ಮಾಡಿದ್ದಾರೆ. ಮನೆಯಲ್ಲಿ ಹಳೆ ದುಂಡು ಮೇಜು ಇದ್ದರೆ ಅದನ್ನೂ ಎರಡು ದಿಕ್ಕಿನಲ್ಲಿ ಅಳೆದು ನೋಡಿ. ಮರ ಅಡ್ಡಕ್ಕೆ ಕುಗ್ಗುತ್ತೆ, ಉದ್ದಕ್ಕೆ ಕುಗ್ಗೋದು ತೀರಾ ಕಡಿಮೆ. ನೂರು ವರ್ಷದ ದುಂಡು ಮೇಜು ಅಷ್ಟು ದುಂಡಗೆ ಉಳಿದಿರಲ್ಲ.

ಈಗ ಪಾಲಿಶ್. ದಯವಿಟ್ಟು ಉಜ್ಜಿಸಬೇಡಿ. ನನ್ನ ಅತ್ತೆಯ ಬೀಟೆ ಮಂಚವನ್ನು, ನಾನು ಈ ಕೆಲಸಕ್ಕೆ ಬರೋ ಮೊದಲು, ಒಂದು ಪಾಲಿಶ್ ಅಂಗಡಿಗೆ ಕೊಟ್ಟಿದ್ದೆವು. ಮೆಷಿನ್ ಹಾಕಿ ಉಜ್ಜಿ ಕೊಟ್ಟರು. ಕಾಲಿನ ಕಡೆಯ ಹೂವಿನ ಕೆತ್ತನೆಯ ಅಂಚೆಲ್ಲ ಕರಗಿ ಹೋಗಿತ್ತು, ಸೋಪು ನೀರಲ್ಲಿ ನೆನೆದ ಹಾಗೆ. ತಲೆದಿಂಬಿನ ಕಡೆ ಕೈ ತಾಗಿ ತಾಗಿ ಬಂದಿದ್ದ ಆ ಕಪ್ಪು ನೇರಳೆ ಹೊಳಪು ಹೋಗಿ ಇಡೀ ಮಂಚ ಒಂದೇ ಕಂದು ಬಣ್ಣ. ಅತ್ತೆ ಏನೂ ಹೇಳಲಿಲ್ಲ, ಸುಮ್ನೆ ಕೈಯಾಡಿಸಿ ನೋಡಿದರು. ಇವತ್ತಿಗೂ ಅದು ನನಗೆ ಮರೆತಿಲ್ಲ.

ನಿಮ್ಮ ಅಲಮಾರಿನ ಮೇಲೆ ಇರೋದು ಬಹುಶಃ ಅರಗಿನ ಪಾಲಿಶ್, ಅಂದರೆ ಅರಗಿನ ಹುಳುವಿನ ಅಂಟನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಬಟ್ಟೆಯಲ್ಲಿ ಪದರ ಪದರವಾಗಿ ಹಚ್ಚೋದು. ಫ್ರೆಂಚ್ ಪಾಲಿಶ್ ಅಂತ ಕರೆಯೋದೂ ಇದನ್ನೇ. ಹಿಂದೆ ಕಾಣದ ಕಡೆ ಹತ್ತಿಗೆ ಸ್ವಲ್ಪ ಸ್ಪಿರಿಟ್ ಹಾಕಿ ಒತ್ತಿ ನೋಡಿ, ಅಂಟಂಟಾದರೆ ಅದೇ. ಇದರ ದೊಡ್ಡ ಗುಣ ಅಂದರೆ ಹೊಸ ಪದರ ಹಳೆಯದರ ಜೊತೆ ಕರಗಿ ಒಂದಾಗುತ್ತೆ. ಉಜ್ಜಿ ತೆಗೆಯೋ ಅಗತ್ಯವೇ ಇಲ್ಲ. ಧೂಳು ಜಿಡ್ಡು ಒರೆಸಿ, ಗೊತ್ತಿರೋರ ಕೈಯಲ್ಲಿ ತೆಳುವಾಗಿ ಎರಡು ಕೈ ಹಚ್ಚಿಸಿದರೆ ಸಾಕು. ಪಿಯು ಹಾಗಲ್ಲ, ಅದು ಪ್ಲಾಸ್ಟಿಕ್ ಹೊದಿಕೆ. ಗೀರು ಬಿದ್ದರೆ ಮತ್ತೆ ಉಜ್ಜಲೇಬೇಕು.

ಕುರ್ಚಿಯ ಬೆತ್ತ ಹರಿಯದೆ ಬರೀ ಜೋತು ಬಿದ್ದಿದ್ದರೆ ಕೆಳಗಿನಿಂದ ಬಿಸಿನೀರಲ್ಲಿ ಹಿಂಡಿದ ಬಟ್ಟೆ ಹಾಕಿ ಒದ್ದೆ ಮಾಡಿ, ಯಾರೂ ಕೂರದೆ ಒಣಗಲು ಬಿಡಿ. ಬಿಗಿಯಾಗುತ್ತೆ. ಹರಿದಿದ್ದರೆ ಬೆತ್ತದಲ್ಲೇ ನೇಯಿಸಿ, ಪ್ಲಾಸ್ಟಿಕ್ ವೈರ್ ಬೇಡ.

ಸಾಗರ_ಸೀಮೆ:

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ, ಬೇಜಾರಾಗಬೇಡಿ. ಸಾಮಾನು ಬಳಕೆಗೆ ಬರಬೇಕು. ನಮ್ಮ ಮನೆಯಲ್ಲಿ ಹೀಗೇ ಒಂದು ದೊಡ್ಡ ಪತ್ತಾಯ ಇತ್ತು, ಭತ್ತ ತುಂಬಿಡೋದು. ಎಲ್ಲರೂ "ಅಜ್ಜನ ಕಾಲದ್ದು, ಮುಟ್ಟಬೇಡಿ" ಅಂದರು. ಕೊಟ್ಟಿಗೆ ಪಕ್ಕದಲ್ಲಿ ಬಿಟ್ಟೆವು, ಮೂರು ಮಳೆಗಾಲದಲ್ಲಿ ಗೆದ್ದಲು ತಳ ತಿಂದಿತು. ಅದರ ಹಲಗೆಯಲ್ಲಿ ಊಟದ ಮೇಜು ಮಾಡಿಸಿದ್ದರೆ ಇವತ್ತು ದಿನಾ ಅದರ ಮೇಲೆ ಉಣ್ಣಬಹುದಿತ್ತು. ಅಲಮಾರು ಬಿಚ್ಚೋಕೆ ಬರದಿದ್ದರೆ, ಕೊಳೆಯೋಕೆ ಬಿಡೋದಕ್ಕಿಂತ ಒಳ್ಳೆ ಬಡಗಿಯಿಂದ ಎರಡು ಚಿಕ್ಕ ಅಲಮಾರು ಮಾಡಿಸಿಕೊಳ್ಳಿ. ಅದರಲ್ಲಿ ತಪ್ಪಿಲ್ಲ.

ಉಳಿ_ಬಾಚಿ:

ಸಾಗರದ ಅಣ್ಣ, ಪತ್ತಾಯದ ವಿಷಯ ಕೇಳಿ ನಿಜಕ್ಕೂ ಸಂಕಟ ಆಯ್ತು. ಕೊಳೆಯೋಕೆ ಬಿಡಬಾರದು ಅನ್ನೋದನ್ನು ಒಪ್ತೀನಿ. ಆದರೆ ಗರಗಸ ಕಡೆಗೆ ಬರಬೇಕಾದ ಮಾತು. ಒಂದು ಸಲ ಕೊಯ್ದರೆ ಮತ್ತೆ ಕೂಡಿಸೋಕೆ ಆಗಲ್ಲ. ಅವರು ಮೊದಲು ಬೆಣೆ ಹುಡುಕಲಿ.

ವಿಯೆನ್ನಾದಿಂದ:

ಬಿಚ್ಚಿ ಜೋಡಿಸೋ ವಿಷಯ ಬಂತಲ್ಲ, ಅದಕ್ಕೆ ಬರೀತಿದ್ದೇನೆ. ಹುಟ್ಟಿದ್ದು ತೀರ್ಥಹಳ್ಳಿ, ಈಗ ಇರೋದು ವಿಯೆನ್ನಾದಲ್ಲಿ.

ಹಳೆ ಹೋಟೆಲುಗಳಲ್ಲಿ, ಮುಂಬೈನ ಇರಾನಿ ಕೆಫೆಗಳಲ್ಲಿ ಬಾಗಿದ ಬೆನ್ನಿನ ಮರದ ಕುರ್ಚಿ ನೋಡಿರ್ತೀರಿ, ಕೂರೋ ಜಾಗ ದುಂಡಗೆ. ಆ ಜಾತಿಯ ಕುರ್ಚಿಯ ಮೂಲ ಈ ಊರಿನದು. ಮಿಖಾಯೆಲ್ ಥೋನೆಟ್ ಅನ್ನುವವರು 1859ರಲ್ಲಿ ತಂದ 14ನೇ ನಂಬರ್ ಕುರ್ಚಿ. ಬೀಚ್ ಮರದ ಕೋಲುಗಳನ್ನು ಹಬೆಯಲ್ಲಿ ಬೇಯಿಸಿ, ಕಬ್ಬಿಣದ ಅಚ್ಚಿನಲ್ಲಿ ಬಗ್ಗಿಸಿ ಒಣಗಿಸೋದು. ಇಡೀ ಕುರ್ಚಿ ಆರೇ ತುಂಡು, ಹತ್ತು ಸ್ಕ್ರೂ, ಎರಡು ನಟ್ಟು. ಬಿಚ್ಚಿಟ್ಟರೆ ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಸ್ತಿದ್ದವು. ಹಡಗಿನಲ್ಲಿ ದೂರ ದೂರಕ್ಕೆ ಹೋದದ್ದು ಅದಕ್ಕೇ. ಇಲ್ಲಿನ ಮಾಕ್ ಮ್ಯೂಸಿಯಂನಲ್ಲಿ ಈ ಕುರ್ಚಿಗಳನ್ನು ಸಾಲಾಗಿ ಬಿಳಿ ಪರದೆಯ ಹಿಂದೆ ಇಟ್ಟಿದ್ದಾರೆ, ನೆರಳು ಮಾತ್ರ ಕಾಣುತ್ತೆ. ಅಲ್ಲಿ ನಿಂತಾಗ ನನಗೆ ನೆನಪಾಗಿದ್ದು ನಮ್ಮೂರ ಬಸ್ ಸ್ಟ್ಯಾಂಡ್ ಹೋಟೆಲು.

ಚೀನಾದವರು ಇದಕ್ಕೂ ಎಷ್ಟೋ ಮೊದಲೇ ಇನ್ನೊಂದು ದಾರಿ ಹಿಡಿದಿದ್ದರು. ಮಿಂಗ್ ಅರಸರ ಕಾಲದ, ಅಂದರೆ 1368ರಿಂದ 1644ರವರೆಗಿನ ಕುರ್ಚಿ ಮೇಜುಗಳ ಕೂಡುಗಳನ್ನು ಹತ್ತಿರದಿಂದ ನೋಡಬೇಕು. ಮೊಳೆ ಇಲ್ಲ, ಅಂಟೂ ತೀರಾ ಕಡಿಮೆ. ಕುದುರೆ ಲಾಳದ ಹಾಗೆ ಸುತ್ತ ಬಾಗಿದ ತೋಳಿನ ಕುರ್ಚಿ ಇದೆಯಲ್ಲ, ಆ ತೋಳು ಒಂದೇ ಮರ ಅಲ್ಲ. ಮೂರು ಅಥವಾ ಐದು ತುಂಡು. ಒಂದರೊಳಗೆ ಒಂದು ಕಚ್ಚಿಸಿ ನಡುವೆ ಚಿಕ್ಕ ಬೆಣೆ ಹೊಡೆದು ಬಿಗಿ ಮಾಡ್ತಾರೆ. ಡೆನ್ಮಾರ್ಕಿನ ಹ್ಯಾನ್ಸ್ ವೆಗ್ನರ್ 1940ರ ದಶಕದಲ್ಲಿ ಇಂಥ ಕುರ್ಚಿಗಳನ್ನು ನೋಡಿಯೇ ತಮ್ಮ ಕುರ್ಚಿಗಳ ಸಾಲು ಶುರು ಮಾಡಿದ್ದು.

ಮತ್ತೆ ನಿಮ್ಮ ಅಲಮಾರಿನ ಬಾಗಿಲು ನೋಡಿ. ನಡುವಿನ ಹಲಗೆ ಚೌಕಟ್ಟಿನ ತೋಡಿನೊಳಗೆ ಸಡಿಲವಾಗಿ ಕೂತಿದೆಯಾ? ಚೀನಾದಲ್ಲೂ ಯುರೋಪಿನಲ್ಲೂ ಮಾಡಿದ್ದು ಅದನ್ನೇ. ಮಳೆಗಾಲದಲ್ಲಿ ಮರ ಉಬ್ಬುತ್ತೆ, ಬೇಸಿಗೆಯಲ್ಲಿ ಕುಗ್ಗುತ್ತೆ, ಅದಕ್ಕೆ ಓಡಾಡೋಕೆ ಜಾಗ ಬಿಡಬೇಕು. ಯಾರಾದರೂ "ಅಲ್ಲಾಡ್ತಿದೆ" ಅಂತ ಆ ಹಲಗೆಗೆ ಫೆವಿಕಾಲ್ ತುಂಬಿದರೆ ಬೇಸಿಗೆಗೆ ಅದು ನಡುವೆ ಸೀಳುತ್ತೆ.

ಹಳೆಮರ_ರಿಪೇರಿ:

ವಿಯೆನ್ನಾದವರು ಹೇಳಿದ್ದಕ್ಕೆ ನಮ್ಮ ಕಡೆಯ ಒಂದು ಮಾತು ಸೇರಿಸ್ತೀನಿ. ಅಲಮಾರು ಅನ್ನೋ ಶಬ್ದವೇ ಪೋರ್ಚುಗೀಸರ ಅರ್ಮಾರಿಯೋದಿಂದ ಬಂದದ್ದು, ಕುರ್ಚಿ ಅರಬ್ಬಿಯ ಕುರ್ಸಿಯಿಂದ. ನಮ್ಮಲ್ಲಿ ಇದ್ದದ್ದು ಮಣೆ, ಪೆಟ್ಟಿಗೆ, ತೊಟ್ಟಿಲು, ತೂಗುಮಂಚ. ಹೊರಗಿನ ಆಕಾರ ಬಂತು, ನಮ್ಮ ಬಡಗಿಗಳು ನಮ್ಮ ಮರದಲ್ಲಿ ನಮ್ಮ ಕೈಯಲ್ಲಿ ಅದನ್ನು ಮಾಡಿದರು. 18ನೇ ಶತಮಾನದಲ್ಲಿ ವಿಶಾಖಪಟ್ಟಣದವರು ಇಂಗ್ಲಿಷ್ ಆಕಾರದ ಮೇಜು ಪೆಟ್ಟಿಗೆಗಳಿಗೆ ದಂತ ಕೂರಿಸಿ ಕಂಪನಿಯ ಅಧಿಕಾರಿಗಳಿಗೆ ಮಾಡಿಕೊಡ್ತಿದ್ದರು. ನಮ್ಮ ಮೈಸೂರಿನವರು ಬೀಟೆಯಲ್ಲಿ ದಂತ ಕೂರಿಸಿದ್ದನ್ನು ಅರಮನೆಯ ಅಂಬಾವಿಲಾಸದ ಬಾಗಿಲಲ್ಲಿ ನೋಡಬಹುದು. ದಂತ ಈಗ ನಿಷೇಧ. ಇವತ್ತಿನ ಕುಶಲಕರ್ಮಿಗಳು ಬೇರೆ ಬೇರೆ ಬಣ್ಣದ ಮರ, ಅಕ್ರಿಲಿಕ್ ಬಳಸ್ತಾರೆ. ಮರದ ಮೇಲೆ ಮರದಲ್ಲೇ ಚಿತ್ರ ಕೂರಿಸಿದ್ದು ನನಗೆ ಜಾಸ್ತಿ ಇಷ್ಟ.

ಕೊಪ್ಪದ_ಮಗಳು:

ಎಲ್ಲರಿಗೂ ಹೇಗೆ ಧನ್ಯವಾದ ಹೇಳಲಿ ಗೊತ್ತಾಗ್ತಿಲ್ಲ. ಶನಿವಾರ ಊರಿಗೆ ಹೋಗಿ ಬಂದೆ.

ಬೆಣೆ ಇದೆ! ಒಂದಲ್ಲ, ಎಂಟು. ನಾಲ್ಕು ಮೇಲೆ, ನಾಲ್ಕು ಕೆಳಗೆ, ಒಳಗಡೆ ಬಣ್ಣ ಧೂಳು ಮುಚ್ಚಿ ಕಾಣ್ತಾನೇ ಇರಲಿಲ್ಲ. ಚಿಕ್ಕಪ್ಪ ಮತ್ತು ನಾನು ಮೇಲಿನ ಪಟ್ಟಿ ಹಿಡಿದು ಎತ್ತಿದೆವು, ಸ್ವಲ್ಪ ಕಿರುಗುಟ್ಟಿ ಎದ್ದು ಬಂತು. ಅದರ ಕೆಳಗೆ ಉಳಿಯ ಗೆರೆಗಳು. ಒಂದು, ಎರಡು, ಮೂರು, ನಾಲ್ಕು. ನಾಲ್ಕನೆಯದು ಇಂಗ್ಲಿಷ್ ಅಂಕಿ ಅಲ್ಲ, ಕನ್ನಡ ಅಂಕಿಯೂ ಅಲ್ಲ, ನಾಲ್ಕು ಗೀರು ಅಷ್ಟೇ. ಮಾಡಿದವರ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಆ ಗೀರುಗಳ ಮೇಲೆ ಬೆರಳಿಟ್ಟು ತುಂಬಾ ಹೊತ್ತು ಕೂತಿದ್ದೆ.

ವಯಸ್ಸಿನ ವಿಷಯ. ಹಿಂದಿನ ಹಲಗೆಯ ಮೇಲೆ ಬಿಲ್ಲಿನ ಹಾಗೆ ಬಾಗಿದ ಗೆರೆ ಇದೆ. ಬಿಜಾಗರಿಯ ಸ್ಕ್ರೂ ಚೂಪು ತುದಿಯದು, ತಲೆ ಒಂದೇ ಸೀಳಿನದು. ಹಾಗಾದರೆ 150 ವರ್ಷ ಅನ್ನೋದು ಹೆಚ್ಚಾಯ್ತು, ಅಲ್ವಾ? ಅಜ್ಜನ ಅಪ್ಪ ಮನೆ ಕಟ್ಟಿಸಿದಾಗಲೇ ಮಾಡಿಸಿರಬೇಕು ಅಂತ ಚಿಕ್ಕಪ್ಪ ಈಗ ಅಂತಾರೆ. ಡ್ರಾಯರಿನ ತಳ ಬೀಟೆ ಅಲ್ಲ, ಹಳದಿ ಬಣ್ಣದ ಹಲಸು.

ಸ್ಪಿರಿಟ್ ಹಚ್ಚಿ ನೋಡಿದೆ, ಅಂಟಂಟಾಯ್ತು. ಪಾಲಿಶ್‌ನವರಿಗೆ ಬೇಡ ಅಂತ ಹೇಳಿಬಿಟ್ಟೆ.

ಒಂದೇ ತೊಂದರೆ. ಕೆಳಗಿನ ಒಂದು ಬೆಣೆ ತೆಗೆಯುವಾಗ ಮುರಿಯಿತು. ಹೊಸದು ಯಾವ ಮರದಲ್ಲಿ ಮಾಡಿಸಲಿ?

ಉಳಿ_ಬಾಚಿ:

ತುಂಬಾ ಖುಷಿ ಆಯ್ತು ಅಕ್ಕಾ. ಗೆರೆಗಳ ಫೋಟೋ ತೆಗೆದಿಡಿ, ಯಾವ ಕಂಬಕ್ಕೆ ಯಾವುದು ಅಂತ ಒಂದು ಹಾಳೆಯಲ್ಲಿ ಬರೆದೂ ಇಡಿ. ಲಾರಿಗೆ ಹಾಕುವಾಗ ಹಲಗೆಗಳನ್ನು ನಿಲ್ಲಿಸಿ ಕಟ್ಟಿ, ಒಂದರ ಮೇಲೊಂದು ಮಲಗಿಸಬೇಡಿ, ನಡುವೆ ಹಳೆ ಕಂಬಳಿ ಇರಲಿ. ಬೆಂಗಳೂರಿಗೆ ತಂದ ಮೇಲೆ ಒಂದು ವಾರ ಬಿಚ್ಚಿದ ಹಾಗೇ ಮನೆಯೊಳಗೆ ಬಿಡಿ, ಮಲೆನಾಡಿನ ತೇವ ಆರಬೇಕು. ಆಮೇಲೆ ಜೋಡಿಸಿ.

ಬೆಣೆಗೆ ಬೀಟೆಯೇ ಬೇಕಂತಿಲ್ಲ. ಚೆನ್ನಾಗಿ ಒಣಗಿದ ತೇಗ ಸಾಕು. ಬೆಣೆ ಸ್ವಲ್ಪ ಮೆತ್ತಗಿದ್ದರೆ ಒತ್ತಡಕ್ಕೆ ಅದು ನಲುಗುತ್ತೆ, ಕಂಬ ಸೀಳಲ್ಲ. ಮುರಿದ ತುಂಡುಗಳನ್ನು ಬಡಗಿಗೆ ತೋರಿಸಿ, ಅದೇ ಓರೆ ಬರಲಿ. ಬೆಣೆಗೆ ಅಂಟು ಮಾತ್ರ ಹಾಕಿಸಬೇಡಿ. ಮುಂದೆ ನೀವು ಮನೆ ಬದಲಿಸಿದಾಗ ಮತ್ತೆ ಬಿಚ್ಚಬೇಕಲ್ಲ.

ಕೊಪ್ಪದ_ಮಗಳು:

ಆಯ್ತು ಅಣ್ಣ. ಹಳೆ ಮನೆಯ ತೊಲೆಯ ತೇಗದ ತುಂಡು ಒಂದಿದೆ, ಚಿಕ್ಕಪ್ಪ ಅದನ್ನೇ ಕೊಡ್ತೀನಿ ಅಂದರು.